ಗೋದಾಮಿನ ಬಾಗಿಲಿಗೆ ಒಂದು ಸಹಿ

ರಿಗ್ಗೈ, ಕುವೈತ್
೨೬ ಮೇ ೧೯೯೧

ರೋಹಿದಾಸಣ್ಣನವರಿಗೆ ಸುಗಂಧಿಯ ನಮಸ್ಕಾರ.

ಕಳೆದ ಪತ್ರದಲ್ಲಿ ‘ಸ್ವಲ್ಪ ಇಲಿ ಕಾಟ’ ಎಂದು ಬರೆದದ್ದು ನನ್ನದೇ ತಪ್ಪು. ನೀವು ಸೌದಿಯ ದಮ್ಮಾಮಿನಲ್ಲಿ ಅದನ್ನು ಓದಿ ಹೇಳಿದಾಗ, ಯುದ್ಧದ ಹೊತ್ತಿಗೆ ಅಲ್ಲಿಗೆ ಹೋಗಿ ಉಳಿದ ನಮ್ಮ ಕಟ್ಟಡದ ಮಾಲೀಕರು ನಕ್ಕು, ಬೆಕ್ಕು ಸಾಕಲಿ ಅಂದರಂತೆ. ನಮ್ಮ ಮನೆಯ ಕೆಳಗಿರುವ ಅವರ ಗೋದಾಮಿನಲ್ಲಿ ಯುದ್ಧಕ್ಕೆ ಮುಂಚಿನ ಅಕ್ಕಿ ಮೂಟೆಗಳು ಹಾಗೇ ಇವೆ. ಇಲಿಗಳು ಅಲ್ಲಿಂದಲೇ ಪೈಪು ಹತ್ತಿ ಬರುತ್ತವೆ.

ಇಲಿ ಹಿಡಿಯುವ ನಾಯಿಗಳನ್ನು ಸಾಕಿರುವ ಗುಲ್ಜಾರ್ ಭಾಯಿ ಬಂದು ನೋಡಿದರು. ಮಗು ಇರುವ ಮನೆಯಲ್ಲಿ ವಿಷ ಬೇಡ, ನಾಯಿಗಳೇ ಸರಿ ಎಂದರು. ಗೋದಾಮಿನ ಬೀಗ ಒಡೆಯಿರಿ ಎಂದು ಬೇಡಿಕೊಂಡೆ.

“ಮಾಲೀಕರ ಕಾಗದ ಇಲ್ಲದೆ ಒಳಗೆ ಕಾಲಿಟ್ಟರೆ ಈಗ ಲೂಟಿಕೋರ ಅಂತ ಹಿಡೀತಾರೆ, ಬೆಹನ್. ನಾಯಿಗಳನ್ನು ಬಿಟ್ಟುಬಿಡ್ತಾರೆ, ನನ್ನನ್ನು ಬಿಡಲ್ಲ.”

ಆದ್ದರಿಂದ ಅಣ್ಣ, ಬೀಗ ಒಡೆದು ನಾಯಿಗಳನ್ನು ಬಿಡಲು ಒಪ್ಪಿಗೆಯಿದೆ ಎಂದು ಅರಬಿಯಲ್ಲಿ ಬರೆಸಿ, ಮಾಲೀಕರ ಸಹಿ ಹಾಕಿಸಿ, ಈ ಕಡೆ ಬರುವವರ ಕೈಯಲ್ಲಿ ಕಳುಹಿಸಿ.

ಊರಿಗೆ ಹೋಗು ಎನ್ನಬೇಡಿ. ಅಕ್ಷಿತಾ ಹುಟ್ಟಿದ್ದು ನವೆಂಬರಿನಲ್ಲಿ, ಇರಾಕಿನ ಸೈನ್ಯ ಇಲ್ಲಿದ್ದಾಗ; ಅವಳಿಗಿನ್ನೂ ಪಾಸ್‌ಪೋರ್ಟ್ ಆಗಿಲ್ಲ. ಇವರು ಎಣ್ಣೆ ಬಾವಿಗಳ ಬೆಂಕಿಯ ಕಡೆ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಾರೆ. ಅವರಿಗೂ ಪೂರ್ತಿ ಹೇಳಿಲ್ಲ.

ಮೊದಲ ಸಲ ಇಲಿ ಕಡಿದಾಗ ಮಗು ಕಿರುಚಿ ನನ್ನನ್ನು ಎಬ್ಬಿಸಿತ್ತು. ಅಂದಿನಿಂದ ನಾನು ಮಲಗಿಲ್ಲ. ಮೊನ್ನೆ ಮಧ್ಯಾಹ್ನ ಕೂತಲ್ಲೇ ಕಣ್ಣು ಮುಚ್ಚಿಹೋಯಿತು. ಈ ಸಲ ಅವಳು ಅಳಲಿಲ್ಲ. ಜ್ವರದಲ್ಲಿ ನನ್ನನ್ನೇ ಸುಮ್ಮನೆ ನೋಡುತ್ತಿದ್ದಳು, ಕಾಲ್ಬೆರಳಲ್ಲಿ ರಕ್ತವಿತ್ತು.

ಮಾಲೀಕರು ಸಹಿ ಹಾಕುವುದಿಲ್ಲವಾದರೆ ಅದನ್ನಾದರೂ ಬರೆಯಿರಿ. ಕಾಯುವುದನ್ನು ಬಿಟ್ಟು ಆ ಬೀಗಕ್ಕೆ ನಾನೇ ಕೈ ಹಾಕುತ್ತೇನೆ.

ನಿಮ್ಮ ತಂಗಿಯಂಥ
ಸುಗಂಧಿ