ಖಾಲಿ ಗೂಡ್ಸ್ ಗಾಡಿ ಮತ್ತು ನಡೆದು ಬಂದ ನನ್ನ ತಂಗಿ

ರೈಲ್ವೆಯ ವಿಭಾಗೀಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಂಗಿ ಗಂಗಾಮಣಿ ಹೋದ ತಿಂಗಳು ಶಿರಾಡಿ ಘಟ್ಟದ ರೈಲು ಹಳಿಯ ಮೇಲೆ ಅತಿಕ್ರಮವಾಗಿ ನಡೆದಳೆಂದು ತಮ್ಮ ಇಲಾಖೆ ಅವಳ ಮೇಲೆ ಕೇಸು ಹಾಕಿತು. ಅವಳು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಳು, ದಂಡ ಕಟ್ಟಿದೆವು. ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಆದರೆ ಅವಳನ್ನು ಸುರಂಗ ದಾಟಿಸಿದ ಗ್ಯಾಂಗ್‌ಮನ್ ಶಾಂತಮಲ್ಲಪ್ಪನವರನ್ನು ತಾವು ಅಮಾನತು ಮಾಡಿದ್ದೀರೆಂದು ಹೋದ ವಾರ ತಿಳಿಯಿತು. ಅಂದಿನಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ. ತೋಟಕ್ಕೆ ಹೋದವನು ಅರ್ಧ ದಾರಿಯಲ್ಲೇ ಹಿಂದಿರುಗುತ್ತೇನೆ, ಊಟಕ್ಕೆ ಕೂತವನು ಎದ್ದುಬಿಡುತ್ತೇನೆ. ತಮ್ಮ ಕಚೇರಿಗೆ ಹೋಗಿ ಬಂದೆ. ಸಾಹೇಬರು ಸಿಗುವುದಿಲ್ಲ ಎಂದರು. ಪತ್ರಿಕೆಯಾದರೂ ತಮ್ಮ ಮೇಜಿನ ಮೇಲೆ ಬರುತ್ತದಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ.

ತಾವು ಈ ಹುದ್ದೆಗೆ ಹೊಸಬರೆಂದು ಕೇಳಿದ್ದೇನೆ. ಹಾಗಾಗಿ ಸಕಲೇಶಪುರದ ಸ್ಟೇಷನ್ನು ನಮಗೆ ಏನಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ತಮ್ಮ ನಕ್ಷೆಯಲ್ಲಿ ಅದು ಜಂಕ್ಷನ್ ಅಲ್ಲ, ಆ ಗೌರವ ಹಾಸನಕ್ಕೆ. ಆದರೆ ಮೀಟರ್‌ಗೇಜ್ ರೈಲು ಮಂಗಳೂರಿಗೆ ಇಳಿಯತೊಡಗಿದ ಎಪ್ಪತ್ತರ ದಶಕದ ಕೊನೆಯಿಂದ ೧೯೯೬ರವರೆಗೆ ಘಟ್ಟದ ಮೇಲಿನವರೂ ಕೆಳಗಿನವರೂ ಕೂಡುತ್ತಿದ್ದದ್ದು ಅದೇ ಪ್ಲಾಟ್‌ಫಾರ್ಮಿನಲ್ಲಿ. ಕಾಫಿ ಕೊಯ್ಲಿಗೆ ಕೆಳಗಿನ ಆಳುಗಳು ಆ ರೈಲಿನಲ್ಲೇ ಬಂದಿಳಿಯುತ್ತಿದ್ದರು. ಆಳುಗಳ ಲೆಕ್ಕ ಬರೆಯುವ ಎಸ್ಟೇಟ್ ರೈಟರುಗಳು ಅಲ್ಲೇ ಕಾದು ನಿಂತು ಅವರನ್ನು ತಮ್ಮ ತಮ್ಮ ಎಸ್ಟೇಟಿನ ಲೈನುಮನೆಗಳಿಗೆ ಕರೆದೊಯ್ಯುತ್ತಿದ್ದರು. ಮಂಗಳೂರಿನ ಮೀನಿನ ಬುಟ್ಟಿ ಇಳಿಯುತ್ತಿತ್ತು, ನಮ್ಮ ಕಿತ್ತಳೆ ಹತ್ತುತ್ತಿತ್ತು. ಘಟ್ಟ ಇಳಿಯುವ ಮುನ್ನ ಬ್ರೇಕು ನೋಡಲೆಂದು ಗಾಡಿ ಬಹಳ ಹೊತ್ತು ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ಕಾಫಿ ಕುಡಿಯುತ್ತ ಮಾತಿಗೆ ಕೂತವರು ಬೀಗರಾದದ್ದೂ ಉಂಟು.

ನಮ್ಮಪ್ಪ ಸುಬ್ಬಯ್ಯ ಅಂಥವರಲ್ಲೊಬ್ಬರು. ಗಂಗಾಮಣಿಯನ್ನು ಘಟ್ಟದ ಕೆಳಗೆ ಕೊಡುವ ಮಾತು ಬಂದಾಗ ನಮ್ಮವ್ವ ಇಂದ್ರಮ್ಮ ಒಪ್ಪಲಿಲ್ಲ. ಇರುವ ಒಬ್ಬಳೇ ಮಗಳನ್ನು ಕಣ್ಣಿಗೆ ಕಾಣದ ಸೀಮೆಗೆ ಕಳಿಸಲಾರೆ ಎಂದು ಹಟ ಹಿಡಿದರು. ಅಪ್ಪ ಒಂದು ದಿನ ಅವ್ವನನ್ನು ಸಕಲೇಶಪುರಕ್ಕೆ ಕರೆದೊಯ್ದು ರೈಲು ಹತ್ತಿಸಿದರು. ಮಧ್ಯಾಹ್ನ ಗಂಡಿನ ಮನೆಯಲ್ಲಿ ಉಂಡು ಸಂಜೆಯ ಗಾಡಿಗೆ ಹಿಂದಿರುಗಿದ ಮೇಲೆ ಅವ್ವ ಮತ್ತೆ ಬೇಡ ಎನ್ನಲಿಲ್ಲ. ನನ್ನ ತಂಗಿಯ ಮದುವೆಗೆ ಹೆಣ್ಣಿನ ಕಡೆಯಿಂದ ಒಪ್ಪಿಗೆ ಕೊಟ್ಟದ್ದು ತಮ್ಮ ಇಲಾಖೆ ಎಂದರೆ ಹೆಚ್ಚಾಗಲಾರದು.

ಆಮೇಲೆ ಹಳಿ ಅಗಲ ಮಾಡುತ್ತೇವೆಂದು ರೈಲು ನಿಲ್ಲಿಸಿದಿರಿ. ಸಂತೋಷಪಟ್ಟೆವು. ಅಗಲವಾದರೆ ಒಳ್ಳೆಯದೇ ಅಲ್ಲವೇ? ಬೇಗ ಮುಗಿಯುತ್ತದೆ ಎಂದರು. ಹತ್ತು ವರ್ಷವಾಯಿತು. ಅಪ್ಪ ತೀರಿಕೊಂಡರು. ಗಂಗಾಮಣಿಯ ಮಕ್ಕಳು ಅಜ್ಜಿಯ ಮನೆಯ ದಾರಿಯನ್ನೇ ಮರೆತರು. ಕೊನೆಗೆ ಈ ವರ್ಷ ಮೇ ತಿಂಗಳಲ್ಲಿ ಘಟ್ಟದಲ್ಲಿ ರೈಲಿನ ಸದ್ದು ಕೇಳಿದಾಗ ಅವ್ವ ಅಂಗಳಕ್ಕೆ ಬಂದು ನಿಂತು ಕೇಳಿಸಿಕೊಂಡರು. ಅದು ಅದಿರಿನ ಗಾಡಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ, ಪರೀಕ್ಷೆಗೆ ಓಡಿಸುತ್ತಿದ್ದಾರೆ, ಇನ್ನೇನು ಶುರುವಾಗುತ್ತದೆ ಎಂದೆ. ಜನರನ್ನು ಒಯ್ಯಲು ಇನ್ನೂ ಸುರಕ್ಷತೆಯ ಒಪ್ಪಿಗೆ ಬರಬೇಕು ಎನ್ನುತ್ತೀರಿ. ಒಪ್ಪುತ್ತೇನೆ, ಘಟ್ಟ ಎಂಥದೆಂದು ನಮಗೂ ಗೊತ್ತು. ಆದರೆ ಆ ಗೂಡ್ಸು ಗಾಡಿಯಲ್ಲಿ ಡ್ರೈವರೂ ಗಾರ್ಡೂ ದಿನವೂ ಹತ್ತಿ ಇಳಿಯುತ್ತಾರಲ್ಲ, ಅವರನ್ನು ತಾವು ಯಾವ ಲೆಕ್ಕಕ್ಕೆ ಸೇರಿಸಿದ್ದೀರಿ?

ಜುಲೈ ತಿಂಗಳ ಮಳೆಯಲ್ಲಿ ಅವ್ವನಿಗೆ ಪಾರ್ಶ್ವವಾಯು ಬಡಿಯಿತು. ಸಕಲೇಶಪುರದ ಡಾಕ್ಟರು ನೋಡಿ, ಬರಬೇಕಾದವರನ್ನು ಕರೆಸಿಕೊಳ್ಳಿ ಎಂದರು. ತಂಗಿಗೆ ಫೋನು ಮಾಡಿದೆ. ಆದರೆ ಹಿಂದಿನ ದಿನವೇ ಮಾರನಹಳ್ಳಿಯ ಹತ್ತಿರ ಗುಡ್ಡ ಕುಸಿದು ಶಿರಾಡಿಯ ರಸ್ತೆ ಮುಚ್ಚಿತ್ತು. ಚಾರ್ಮಾಡಿಯಲ್ಲಿ ಮರಗಳು ಬಿದ್ದಿದ್ದವು. ಮಡಿಕೇರಿ ಸುತ್ತಿ ಬರುವ ಬಸ್ಸೂ ಹೊರಟಿರಲಿಲ್ಲ. ಮರುದಿನ ಬೆಳಿಗ್ಗೆ ಘಟ್ಟದ ಬುಡದ ಒಂದು ಸ್ಟೇಷನ್ನಿನ ಬಳಿಯಿಂದ ಅವಳೇ ಫೋನು ಮಾಡಿದಳು. ಮೇಲಕ್ಕೆ ಬರುವ ಗೂಡ್ಸು ನಿಂತಿದೆ, ಅದಿರನ್ನು ಬಂದರಿನಲ್ಲಿ ಸುರಿದು ವಾಪಸಾಗುತ್ತಿರುವ ಖಾಲಿ ಗಾಡಿ, ಗಾರ್ಡಿನ ಡಬ್ಬಿಯಲ್ಲಿ ಒಂದು ಮೂಲೆ ಕೇಳಿದೆ, ನಿಯಮವಿಲ್ಲ ಎಂದರು ಎಂದಳು.

“ನಾನು ಹಳಿ ಮೇಲೆ ನಡ್ಕಂಡೇ ಬತ್ತೀನಿ ಕಣಣ್ಣ. ನೀನು ಮೇಲೆ ಜೀಪು ತಗಂಡ್ ಬಂದು ನಿಂತಿರು.”

ಬೇಡ ಎನ್ನುವಷ್ಟರಲ್ಲಿ ಫೋನು ಇಟ್ಟಿದ್ದಳು.

ಘಟ್ಟದ ಮೇಲ್ಭಾಗದಲ್ಲಿ ಎಸ್ಟೇಟ್ ಜೀಪು ಹೋಗುವ ಒಂದು ಸಣ್ಣ ಸ್ಟೇಷನ್ನಿದೆ. ಅವ್ವನ ಹತ್ತಿರ ನನ್ನ ಹೆಂಡತಿಯನ್ನು ಕೂರಿಸಿ ಅಲ್ಲಿಗೆ ಹೋಗಿ ನಿಂತೆ. ಮಧ್ಯಾಹ್ನಕ್ಕೆ ಮೊದಲೇ ಆ ಖಾಲಿ ಗೂಡ್ಸು ಬಂತು. ಒಂದರ ಹಿಂದೆ ಒಂದು ಡಬ್ಬಿ ದಡದಡ ಎಂದು ನನ್ನ ಮುಂದೆ ಹಾದುಹೋಯಿತು. ಒಳಗೆ ಮಳೆನೀರು ಬಿಟ್ಟರೆ ಬೇರೇನೂ ಇರಲಿಲ್ಲ. ನಾಡಿನ ಎಲ್ಲ ದಾರಿಯೂ ಮುಚ್ಚಿದ ದಿನ ಅಷ್ಟೊಂದು ಜಾಗ ಖಾಲಿ ಬರುವುದನ್ನು ನೋಡುತ್ತ ನಿಂತ ಮನುಷ್ಯನಿಗೆ ಏನನ್ನಿಸುತ್ತದೆ ಎಂದು ತಾವು ಒಮ್ಮೆ ಯೋಚಿಸಬೇಕು.

ಅದೇ ಗಾಡಿ ನನ್ನನ್ನು ತಲುಪುವ ಮೊದಲು ಕೆಳಗೆ ಹಾದು ಬಂದಾಗ ನನ್ನ ತಂಗಿ ಸುರಂಗದೊಳಗಿದ್ದಳು. ಅವಳ ಅದೃಷ್ಟಕ್ಕೆ ಒಬ್ಬಳೇ ಇರಲಿಲ್ಲ. ಮಳೆಯಲ್ಲಿ ಹಳಿ ನೋಡುತ್ತ ಬರುತ್ತಿದ್ದ ಶಾಂತಮಲ್ಲಪ್ಪನವರು ಸುರಂಗದ ಬಾಯಲ್ಲಿ ಅವಳನ್ನು ಕಂಡು, ಮೊದಲು ಗದರಿ ಹಿಂದಕ್ಕೆ ಹೋಗಲು ಹೇಳಿದರಂತೆ. ಅವಳು ಹೋಗಲಿಲ್ಲ. ಸಂಗತಿ ಕೇಳಿದ ಮೇಲೆ ಅವರು ಲಾಟೀನು ಹಿಡಿದು ಮುಂದೆ ನಡೆದರು. ಗಾಡಿ ಬಂದಾಗ, ಕೆಲಸದವರು ಸರಿದು ನಿಲ್ಲಲೆಂದು ಸುರಂಗದ ಗೋಡೆಯಲ್ಲಿ ಕೊರೆದ ಗೂಡಿನೊಳಕ್ಕೆ ಅವಳನ್ನು ತಳ್ಳಿ, ತಾವು ಅಡ್ಡ ನಿಂತರು. ಆಮೇಲೆ ಎತ್ತರದ ಸೇತುವೆಗಳ ಮೇಲೆ ಅವಳು ಹೆದರಿ ನಿಂತಾಗಲೆಲ್ಲ ಮಾತಾಡಿಸುತ್ತ ದಾಟಿಸಿದರು. ತಮ್ಮ ಬುತ್ತಿಯ ರೊಟ್ಟಿಯನ್ನೂ ಕೊಟ್ಟರು. ತಮ್ಮ ಪಾಲಿನ ಹಳಿ ಮುಗಿಯುವವರೆಗೆ ಜೊತೆಗೆ ಬಂದು, ಇನ್ನು ಸುರಂಗವಿಲ್ಲ ಎಂದು ಹೇಳಿ ಹಿಂದಿರುಗಿದರು.

ಸಂಜೆಯ ಹೊತ್ತಿಗೆ ಅವಳು ನನ್ನ ಕಣ್ಣಿಗೆ ಬಿದ್ದಳು. ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿದ್ದಳು, ಕಾಲೆಲ್ಲ ಜಿಗಣೆ ಕಚ್ಚಿದ ರಕ್ತ. ನಾನು ಓಡಿಹೋಗುವ ಮೊದಲೇ ಅಲ್ಲಿದ್ದ ರೈಲ್ವೆ ಕಾವಲಿನವರು ಅವಳನ್ನು ತಡೆದರು. ಹೇಳಿಕೆ ಬರೆಸದೆ ಬಿಡುವುದಿಲ್ಲ ಎಂದರು. ತಾಯಿ ಸಾಯುತ್ತಿದ್ದಾರೆಂದು ನಾನು ಕೈ ಮುಗಿದೆ. ಬೇಗ ಹೇಳಿದರೆ ಬೇಗ ಬಿಡುತ್ತೇವೆ ಎಂದರು. ಯಾರ ಸಹಾಯದಿಂದ ಬಂದೆ ಎಂದು ಕೇಳಿದಾಗ ಗಂಗಾಮಣಿ, ಆ ಪುಣ್ಯಾತ್ಮ ಇಲ್ಲದಿದ್ದರೆ ನಾನು ಸುರಂಗದಲ್ಲೇ ಸತ್ತಿರುತ್ತಿದ್ದೆ ಎಂದು ಶಾಂತಮಲ್ಲಪ್ಪನವರ ಹೆಸರು ಹೇಳಿದಳು. ಹೊಗಳಬೇಕೆಂದೇ ಹೇಳಿದಳು. ತಾವು ಅವರನ್ನು ಅಮಾನತು ಮಾಡಿರುವುದು ಆ ಹೊಗಳಿಕೆಯ ಆಧಾರದ ಮೇಲೆ.

ನಾವು ಮನೆ ಸೇರಿದಾಗ ಅವ್ವನಿಗೆ ಇನ್ನೂ ಪ್ರಜ್ಞೆಯಿತ್ತು. ತಂಗಿ ಮಂಚದ ಪಕ್ಕ ಕೂತು ಅವರ ಕೈ ಹಿಡಿದಳು. ಅವ್ವ ಅವಳ ಮುಖ ನೋಡಿದರು. ಮಾತು ತೊದಲುತ್ತಿತ್ತು, ಆದರೂ ನಮಗೆ ತಿಳಿಯಿತು.

“ರಸ್ತೆ ಮುಚ್ಚೈತಂತಲ್ಲ. ಎಂಗ್ ಬಂದೆ ಮಗ?”

“ರೈಲಲ್ಲಿ ಬಂದೆ ಕಣವ್ವ.”

“ಸುರುವಾಯ್ತಾ?” ಎಂದರು ಅವ್ವ. “ಒಳ್ಳೇದಾಯ್ತು.”

ಮರುದಿನ ಬೆಳಿಗ್ಗೆ ಅವ್ವ ಹೋದರು. ಮಾನ್ಯರೇ, ತಮ್ಮ ರೈಲು ಓಡುತ್ತಿದೆ ಎಂದು ನಂಬಿ ಸಂತೋಷಪಟ್ಟ ಪ್ರಯಾಣಿಕರು ಯಾರಾದರೂ ಇದ್ದರೆ ಅದು ನಮ್ಮವ್ವ ಒಬ್ಬರೇ.

ತಿಥಿ ಮುಗಿಸಿ ಕೋರ್ಟಿಗೆ ಹೋಗಿ ಬಂದೆವು. ಗ್ಯಾಂಗ್‌ಮನ್ನರ ಸುದ್ದಿ ಬಂದದ್ದು ಅದರ ಬೆನ್ನಿಗೇ. ಗಂಗಾಮಣಿ ಅನ್ನ ಬಿಟ್ಟಳು. ನನ್ನ ಬಾಯಿಂದ ಒಬ್ಬರ ಅನ್ನ ಹೋಯಿತಲ್ಲ ಎಂದು ಅದನ್ನೇ ಹೇಳತೊಡಗಿದಳು. ಕೊನೆಗೆ ಇಬ್ಬರೂ ಘಟ್ಟದ ಮೇಲೆಯೇ ಇರುವ ಶಾಂತಮಲ್ಲಪ್ಪನವರ ಮನೆ ಹುಡುಕಿಕೊಂಡು ಹೋದೆವು. ಅವರ ಹೆಂಡತಿ ಭೂತಮ್ಮ ನಮ್ಮನ್ನು ನೋಡಿ ಮೊದಲು ಮುಖ ತಿರುಗಿಸಿದರು. ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಆ ದಿನ ಯಾರೂ ಜೊತೆಗಿರಲಿಲ್ಲ, ದಣಿವಿನಲ್ಲಿ ಏನೋ ಹೇಳಿಬಿಟ್ಟೆ ಎಂದು ವಿಚಾರಣೆಯಲ್ಲಿ ಹೇಳಿಕೆ ಬದಲಿಸುತ್ತೇನೆ ಎಂದು ನನ್ನ ತಂಗಿ ಹೇಳಿದಳು. ಭೂತಮ್ಮ ಆಸೆಯಿಂದ ಗಂಡನ ಮುಖ ನೋಡಿದರು. ಶಾಂತಮಲ್ಲಪ್ಪನವರು ಬೇಡವೆಂದು ತಲೆಯಾಡಿಸಿದರು.

“ಬ್ಯಾಡ ತಾಯಿ. ದಾಟ್ಸಿದ್ದು ದಿಟ. ಇಲ್ಲ ಅಂದ್ರೆ ನಿಮ್ಮನ್ನ ಅಲ್ಲೇ ಬುಟ್ ಬಂದಂಗೆ ಆಯ್ತದೆ. ಅಂಗೆ ಅನ್ನಿಸ್ಕಳೋದು ನಂಗೆ ಬ್ಯಾಡ.”

ಇದನ್ನೆಲ್ಲ ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ. ಹೆಸರು ಹಾಕಿಯೇ ಬರೆಯಿರಿ ಎಂದರು.

ಹಳಿಯ ಮೇಲೆ ಬಂದ ಹೆಂಗಸನ್ನು ಆ ಗ್ಯಾಂಗ್‌ಮನ್ ಏನು ಮಾಡಬೇಕಾಗಿತ್ತು? ಗಾಡಿ ಬರುವ ಹೊತ್ತಿಗೆ ಕತ್ತಲೆಯಲ್ಲಿ ಬಿಟ್ಟು ಹೋಗಬೇಕಾಗಿತ್ತೇ? ಹಾಗೆಂದು ತಮ್ಮ ನಿಯಮದಲ್ಲಿದ್ದರೆ ಅದನ್ನು ಎಲ್ಲ ಸ್ಟೇಷನ್ನುಗಳ ಗೋಡೆಗೂ ಬರೆಸಿ, ಜನ ಓದಲಿ. ಇಲ್ಲದಿದ್ದರೆ ಶಾಂತಮಲ್ಲಪ್ಪನವರ ಅಮಾನತನ್ನು ಈ ವಾರವೇ ರದ್ದು ಮಾಡಿ. ಪ್ರಯಾಣಿಕರ ರೈಲು ಯಾವ ತಿಂಗಳು ಘಟ್ಟ ಇಳಿಯುತ್ತದೆ ಎಂಬುದನ್ನು ಬಹಿರಂಗವಾಗಿ ತಿಳಿಸಿ. ಅಲ್ಲಿಯವರೆಗೆ, ರಸ್ತೆ ಮುಚ್ಚಿದ ದಿನಗಳಲ್ಲಿ ರೋಗಿಗಳನ್ನೂ ಸಾವಿನ ಮನೆಗೆ ಹೊರಟವರನ್ನೂ ಗಾರ್ಡಿನ ಡಬ್ಬಿಯಲ್ಲಿ ಕರೆದೊಯ್ಯಲು ಅಪ್ಪಣೆ ಕೊಡಿ.

ಅಮಾನತು ರದ್ದು ಮಾಡುವುದಿಲ್ಲ, ವಿಚಾರಣೆ ನಡೆದೇ ತೀರಬೇಕು ಎನ್ನುವುದಾದರೆ ಗಂಗಾಮಣಿಯನ್ನು ಸಾಕ್ಷಿಯಾಗಿ ಕರೆಸಿ. ವಿಚಾರಣೆ ಘಟ್ಟದ ಕೆಳಗಿನ ಕಚೇರಿಯಲ್ಲಿ ಎಂದು ಕೇಳಿದ್ದೇನೆ. ಅವಳು ಇನ್ನೂ ನಮ್ಮ ಮನೆಯಲ್ಲೇ ಇದ್ದಾಳೆ. ಶಿರಾಡಿಯ ರಸ್ತೆ ತೆರೆದಿಲ್ಲ, ಮಡಿಕೇರಿಯ ದಾರಿ ಇವತ್ತು ತೆರೆದರೆ ನಾಳೆ ಮುಚ್ಚುತ್ತಿದೆ. ಏನೇ ಆದರೂ ಅವಳು ಬರುತ್ತಾಳೆ, ಜೊತೆಗೆ ನಾನೂ ಬರುತ್ತೇನೆ. ಯಾವ ದಾರಿಯಲ್ಲಿ ಬರಬೇಕೆಂಬುದನ್ನು ಮಾತ್ರ ತಾವೇ ಬರೆದು ತಿಳಿಸಬೇಕು.

ಇಂತಿ,
ಹತ್ತು ವರ್ಷಗಳಿಂದ ತಮ್ಮ ಪ್ರಯಾಣಿಕನಾಗಲು ಕಾದಿರುವ,
ವಸಂತ
ಯಸಳೂರು ಹೋಬಳಿ, ಸಕಲೇಶಪುರ ತಾಲ್ಲೂಕು
ಆಗಸ್ಟ್ ೨೦೦೬