ಏಳನೆಯ ಮುಖ

ಅಪ್ಪಾ,

ಇವತ್ತು ಆ ಟೀಚರಮ್ಮ ಅಂಗಡಿಗೆ ಬಂದಿದ್ದರು, ನನ್ನಿಂದ ಏಳು ಮುಖದ ರುದ್ರಾಕ್ಷಿ ಕೊಂಡವರು. ಅದು ಬಾಗಿಲ ಸಂದಿಗೆ ಸಿಕ್ಕಿ ಅಡ್ಡಕ್ಕೆ ಒಡೆದಿತ್ತು. "ಒಡೆದದ್ದನ್ನ ಹಾಕ್ಕೋಬಾರ್ದಂತೆ, ಬಿಸಾಕೋಕೂ ಮನಸ್ಸು ಬರಲ್ಲ," ಎಂದು ಹೋಳುಗಳನ್ನು ಕರವಸ್ತ್ರ ಬಿಚ್ಚಿ ಮೇಜಿನ ಮೇಲಿಟ್ಟರು.

ಗೆರೆಗೊಂದು ಮುಖ, ಮುಖಕ್ಕೊಂದು ಬೀಜ ಎಂದು ಕಲಿಸಿದವನು ನೀನೇ. ಎಣಿಸಿದೆ. ಆರೇ ಇದ್ದವು. ಏಳನೆಯ ಗೆರೆ ಬರೀ ಸಿಪ್ಪೆಯ ಬಿರುಕು, ಒಳಗೆ ಇಳಿದೇ ಇರಲಿಲ್ಲ.

ಅವರು ಅದನ್ನು ಕೊಂಡ ದಿನ ನೀನು ಅದರ ಮೇಲೆ ಒಂದೇ ಸಲ ಉಗುರಾಡಿಸಿ, "ಇದು ಏಳು ಮುಖದ ಲಕ್ಷ್ಮಿ ಅಲ್ಲ ಕಣಮ್ಮ, ಷಣ್ಮುಖ," ಎಂದಿದ್ದೆ. ನಾನು ಅವರೆದುರಿಗೇ, "ಅಪ್ಪಂಗೆ ಈಗ ಕಣ್ಣು ಕಾಣಲ್ಲ, ನೀವು ತಲೆ ಕೆಡಿಸ್ಕೋಬೇಡಿ," ಎಂದು ನಕ್ಕಿದ್ದೆ. ಮರುದಿನದಿಂದ ನೀನು ಮಣಿ ಮುಟ್ಟಲಿಲ್ಲ. ಕೊನೆಯವರೆಗೂ ಬಾಗಿಲ ಬಳಿ ಕೂತು ದಾರ ಸುತ್ತಿದೆ. ಕೇಳಿದ್ದಕ್ಕೆ ನೀನು, ಒಳಗೆ ಸೆಖೆ ಎಂದೆ. ನಾನೂ ಹೌದೆಂದುಕೊಂಡೆ.

ಈಗ ಪ್ರತಿ ಮಣಿಯನ್ನೂ ನಾನೇ ಎರಡು ಸಲ ಎಣಿಸುತ್ತೇನೆ. ಸರಿ ಎನ್ನಲು ಎದುರಿಗೆ ಯಾರೂ ಇಲ್ಲ.

ಟೀಚರಮ್ಮನ ಹತ್ತಿರ ತಪ್ಪೊಪ್ಪಿಕೊಂಡು ಬೇರೆ ಮಣಿ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ.

"ನಿಮ್ಮಪ್ಪ ಅವತ್ತೇ ಹೇಳಿದ್ರಲ್ಲಮ್ಮ. ನೀವು ನಕ್ಕಾಗ ಪಾಪ, ಅವರ ಮುಖ ಎಷ್ಟು ಸಣ್ಣದಾಯ್ತು!"

ನಾನು ನೋಡಿರಲಿಲ್ಲ ಅಪ್ಪಾ. ಭೂತಗನ್ನಡಿ ಹಿಡಿದು ಆ ಏಳನೆಯದನ್ನು ಅವರಿಗೆ ತೋರಿಸುತ್ತಿದ್ದೆ.