ಕಣಕಾಲು ಮುಚ್ಚುವ ಶೂ

ಬ್ಯಾಟರಾಯನಪುರ
13 ಜುಲೈ 2025, ಭಾನುವಾರ

ಪ್ರೀತಿಯ ಶಶಿ,

ನಾಗಲಕ್ಷ್ಮಿ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಮೈಸೂರಿನಲ್ಲಿ ನೀನೂ ನಿಮ್ಮ ತಾಯಿಯವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಯುಗಾದಿಗೆ ನೀನು ಕಳಿಸಿದ ಮೆಸೇಜಿಗೆ ಈಗ ಆಷಾಢದಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಫೋನೇ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಬೇಡ ಅತ್ತೆ" ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ. ಅದಕ್ಕೇ ಇದನ್ನು ಪೆಟ್ಟಿಗೆಯ ಮೇಲೆಯೇ ಅಂಟಿಸಿ ಕಳಿಸುತ್ತಿದ್ದೇನೆ. ಮೊದಲು ಓದು, ಆಮೇಲೆ ಪೆಟ್ಟಿಗೆ ತೆರೆ.

ನೀನೂ ನನ್ನ ಮಗ ರಘುನಾಥನೂ ಬೇರೆಯಾಗಿ ಎರಡು ವರ್ಷವಾಗುತ್ತಾ ಬಂತು. ಅದು ನೀವಿಬ್ಬರೂ ಒಪ್ಪಿ ಮಾಡಿಕೊಂಡದ್ದು, ಅದರ ಬಗ್ಗೆ ಬರೆಯಲು ಕೂತಿಲ್ಲ. ನನಗೆ ಬೇಕಿರುವುದು ನಿನ್ನ ಎಡಗಾಲಿನ ಸಮಾಚಾರ.

ಹೋದ ತಿಂಗಳು ಸಂಜಯನಗರದ ತರಕಾರಿ ಅಂಗಡಿಯ ಮುಂದೆ ಗಜಾಲಾ ಸಿಕ್ಕಿದ್ದಳು. ನಿನ್ನ ಜೊತೆ ಡಬಲ್ಸ್ ಆಡುತ್ತಿದ್ದ ಹುಡುಗಿಗೆ ಈಗ ಎರಡು ಮಕ್ಕಳು, ಆದರೂ ಬೆಳಿಗ್ಗೆ ಕೋರ್ಟು ತಪ್ಪಿಸುವುದಿಲ್ಲವಂತೆ. ನಿನ್ನ ವಿಷಯ ಕೇಳಿದೆ.

"ಶಶಿ ಮತ್ತೆ ಕಾಲು ಉಳುಕಿಸ್ಕೊಂಡಿದ್ಳು ಆಂಟಿ. ಈಗ ಸರಿಹೋಗಿದೆ. ಆದ್ರೆ ಧೈರ್ಯ ಇಲ್ಲ. ಆಗಸ್ಟ್ ಟೂರ್ನಮೆಂಟಿಗೆ ಬೇರೆ ಪಾರ್ಟ್ನರ್ ನೋಡ್ಕೋ ಅಂದ್ಬಿಟ್ಳು."

"ನೋಡ್ಕೊಂಡ್ಯಾ?"

"ಇಲ್ಲ ಆಂಟಿ. ಕಣಕಾಲು ಮುಚ್ಚೋ ಹಾಗೆ ಮಿಡ್ ಕಟ್ ಟೆನಿಸ್ ಶೂ ಸಿಕ್ಕಿದ್ರೆ ಆಡ್ತೀನಿ ಅಂತಾಳೆ. ಅದು ಎಲ್ಲೂ ಸಿಗಲ್ಲ ಅಂತ ಅವಳಿಗೂ ಗೊತ್ತು."

ನನಗೆ ನಿನ್ನ ಬುದ್ಧಿ ಗೊತ್ತಿಲ್ಲವೇ? ಸಿಗದ ವಸ್ತು ಕೇಳಿದರೆ ಇಲ್ಲ ಎನ್ನುವ ಕಷ್ಟ ತಪ್ಪುತ್ತದೆ ಎಂದು ಲೆಕ್ಕ ಹಾಕಿದ್ದೀಯ. ಸರಿ, ಇವಳಿಗೆ ಆ ನೆಪವೇ ಇಲ್ಲದ ಹಾಗೆ ಮಾಡುತ್ತೇನೆ ಎಂದು ಮಾರನೆಯ ದಿನವೇ ಹೊರಟೆ.

ಯಲಹಂಕದ ಅಂಗಡಿಯಲ್ಲಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ವಾಕಿಂಗಾ ಮೇಡಂ?" ಎಂದ. ಟೆನಿಸ್ ಎಂದೆ. ಟೆನಿಸ್‌ಗೆಲ್ಲ ಈಗ ತಗ್ಗಿನ ಶೂಗಳೇ ಬರುವುದು, ಎತ್ತರ ಬೇಕಾದರೆ ಇದು ತೆಗೆದುಕೊಳ್ಳಿ ಎಂದು ಕೆಂಪು ಬಣ್ಣದ್ದೊಂದನ್ನು ಕಟ್ಟಿಕೊಟ್ಟ. ಕಣಕಾಲನ್ನೇನೋ ಮುಚ್ಚುತ್ತಿತ್ತು. ಗೆದ್ದೆ ಎಂದು ಖುಷಿಯಿಂದ ಕೋರ್ಟಿಗೇ ಹೋಗಿ ಗಜಾಲಾಳಿಗೆ ತೋರಿಸಿದರೆ ಅವಳು ನಕ್ಕಳು.

"ಇದು ಬಾಸ್ಕೆಟ್‌ಬಾಲ್‌ದು ಆಂಟಿ. ಟೆನಿಸ್‌ನಲ್ಲಿ ಪಕ್ಕಕ್ಕೆ ಓಡೋದೇ ಜಾಸ್ತಿ ಅಲ್ವಾ? ಪಕ್ಕದಲ್ಲಿ ಗಟ್ಟಿಯಾಗಿರ್ಬೇಕು, ಅಡಿ ಅಗಲ ಇರ್ಬೇಕು. ಇದರಡಿ ನೋಡಿ, ಎತ್ತರ, ಮೆತ್ತಗೆ. ಇದನ್ನ ಹಾಕ್ಕೊಂಡ್ರೆ ಇನ್ನೊಂದ್ಸಲ ಉಳುಕತ್ತೆ."

ವಾಪಸ್ಸು ಕೊಟ್ಟು ಬಂದೆ. ನಿಮ್ಮ ಮಾವ ಅನಂತರಾಜು ಅವರು ಎಲ್ಲ ಕೇಳಿಸಿಕೊಂಡು, ಇಷ್ಟಕ್ಕೆ ಯಾಕೆ ಒದ್ದಾಡುತ್ತೀಯ ಎಂದು ತಮ್ಮ ಬಿಲ್ಡಿಂಗ್ ಸೈಟಿನಿಂದ ಒಂದು ಜೊತೆ ಸೇಫ್ಟಿ ಶೂ ತಂದು ಹಾಲಿನ ಮಧ್ಯೆ ಇಟ್ಟರು. "ಮೇಲೆ ಕಬ್ಬಿಣ ಬಿದ್ರೂ ಏನೂ ಆಗಲ್ಲ ಕಣೆ" ಎಂದರು. ಅವಳು ಟೆನಿಸ್ ಆಡೋಳು, ತಾರಸಿಗೆ ಮೋಲ್ಡ್ ಹಾಕೋಳಲ್ಲ ಎಂದೆ. ಅದಕ್ಕೂ ನಿನ್ನನ್ನು ನೆನೆದು ಅವರೇ ನಕ್ಕರು. ಬಹಳ ದಿನಗಳ ಮೇಲೆ ಮನೆಯಲ್ಲಿ ನಿನ್ನ ಹೆಸರು ಗಟ್ಟಿಯಾಗಿ ಬಂತು.

ಹೆಬ್ಬಾಳದಲ್ಲಿ ಸಿಗಲಿಲ್ಲ, ಆರ್.ಟಿ. ನಗರದಲ್ಲೂ ಇಲ್ಲ. ಕೊನೆಗೆ ಯಶವಂತಪುರದಲ್ಲಿ ಖಾದರ್ ಬಾಷಾ ಎನ್ನುವವರ ಸ್ಪೋರ್ಟ್ಸ್ ಅಂಗಡಿ ಹೊಕ್ಕೆ. ಅವರು, "ಮಾಡ್ತಾರೆ ಅಮ್ಮ, ಇಲ್ದೇ ಇಲ್ಲ. ಕೇಳೋರಿಲ್ಲ ಅಂತ ನಾನು ತರಿಸಲ್ಲ" ಎಂದರು. ನಾನು ಕೇಳ್ತಿದ್ದೀನಲ್ಲ, ತರಿಸಿ ಎಂದೆ. ಆಮೇಲೆ ದಿನಾ ಫೋನ್ ಮಾಡಿದೆ. ನನ್ನ ಕಾಟ ತಡೆಯಲಾರದೆ ತರಿಸಿರಬೇಕು.

ಬಂದ ಮೇಲೆ ಸುಮ್ಮನೆ ನೋಡಿ ತರುವವಳೇ ನಾನು? ನನ್ನ ಕಾಲು ಸ್ವಲ್ಪ ದಪ್ಪ, ಆದರೂ ತುರುಕಿಕೊಂಡೆ. ಸೀರೆಯ ನೆರಿಗೆ ಎತ್ತಿ ಹಿಡಿದು ಅಂಗಡಿಯಲ್ಲೇ ಎಡಕ್ಕೂ ಬಲಕ್ಕೂ ನಾಲ್ಕು ಸಲ ಓಡಿದೆ. ಕ್ರಿಕೆಟ್ ಬ್ಯಾಟು ಕೊಳ್ಳಲು ಬಂದವರೆಲ್ಲ ನಿಂತು ನೋಡಿದರು. ನೋಡಿಕೊಳ್ಳಲಿ. ಕಣಕಾಲಿನ ಸುತ್ತ ಯಾರೋ ಕೈಯಿಟ್ಟು ಹಿಡಿದುಕೊಂಡಂತೆ ಇತ್ತು. ಗಜಾಲಾ ಬಂದು ಅಡಿ, ಪಕ್ಕ, ಲೇಸು ಎಲ್ಲ ನೋಡಿ ಇದೇ ಸರಿ ಎಂದ ಮೇಲೆಯೇ ಕಟ್ಟಿಸಿದ್ದು. ಅಳತೆ ತಪ್ಪಿರುವುದಿಲ್ಲ. ಅದು ಹೇಗೆ ಗೊತ್ತಾಯಿತು ಎಂದು ಆಮೇಲೆ ಹೇಳುತ್ತೇನೆ.

ಇನ್ನೊಂದು ಮಾತು. ಬರೀ ಶೂ ನಂಬಿಕೊಂಡು ಇಳಿಯಬೇಡ, ಕಾಲಿಗೂ ಶಕ್ತಿ ಬರಬೇಕು ಎಂದು ಗಜಾಲಾ ಹೇಳಿ ಕಳಿಸಿದ್ದಾಳೆ. ಇಲ್ಲಿದ್ದಾಗ ಒಂಟಿ ಕಾಲಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದೆಯಲ್ಲ, ಆ ವ್ಯಾಯಾಮ ಬಿಡಬೇಡ. ಭಾನುವಾರ ಬೆಳಿಗ್ಗೆ ನಿನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕ್ರೇಪ್ ಬ್ಯಾಂಡೇಜ್ ಸುತ್ತುತ್ತಿದ್ದದ್ದು ನನ್ನ ಕೈಗೆ ಈಗಲೂ ನೆನಪಿದೆ. ಆಮೇಲೆ ಕೋರ್ಟಿನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ ನಿನ್ನ ಆಟ ನೋಡುತ್ತಿದ್ದೆ. ಹದಿನೈದು, ಮೂವತ್ತು ಆದ ಮೇಲೆ ಪಾಯಿಂಟು ನಲವತ್ತೈದಾಗದೆ ನಲವತ್ತಾಗುವುದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ಬಾಲು ನಿನ್ನ ಕೈಯಿಂದ ಹೊರಟಾಗ ನಿನ್ನ ಮುಖ ಹೇಗಿರುತ್ತಿತ್ತು ಎಂದು ಗೊತ್ತು. ಆ ಮುಖವನ್ನು ಇನ್ನೊಂದು ಸಲ ನೋಡಬೇಕು ಎಂದು ಆಸೆ.

ಆಗಸ್ಟಿನಲ್ಲಿ ಬಾ. ಸೋತರೂ ಚಿಂತೆಯಿಲ್ಲ. ಮನೆಗೆ ಬರಲು ಮುಜುಗರವಾದರೆ ಬರಬೇಡ, ನಾನೇ ಕೋರ್ಟಿಗೆ ಬರುತ್ತೇನೆ. ಬ್ಯಾಂಡೇಜೂ ತರುತ್ತೇನೆ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕಾಲು ನೆಲದ ಮೇಲೆ ಗಟ್ಟಿಯಾಗಿ ನಿಲ್ಲಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ ನಿನ್ನ,
ನಾಗಲಕ್ಷ್ಮಿ

ತಾ.ಕ.: ಅಳತೆಯ ವಿಷಯ. ಹೋಗುವಾಗ ನಿನ್ನ ಹಳೆಯ ಬಿಳಿ ಶೂಗಳನ್ನು ನಮ್ಮ ಬಾಗಿಲಿನ ಸ್ಟ್ಯಾಂಡಿನಲ್ಲೇ ಬಿಟ್ಟುಹೋಗಿದ್ದೆ. ತೆಗೆದುಕೊಂಡು ಹೋಗಲು ಯಾವತ್ತಾದರೂ ಬರುತ್ತೀಯ ಎಂದು ನಾನು ಯಾರಿಗೂ ಅವನ್ನು ಮುಟ್ಟಲು ಬಿಟ್ಟಿರಲಿಲ್ಲ. ಅದರಲ್ಲಿ ಒಂದನ್ನು ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಅಂಗಡಿ ಅಂಗಡಿ ಅಲೆದೆ. ಶ್ರಾವಣದಲ್ಲಿ ರಘುನಾಥನ ನಿಶ್ಚಿತಾರ್ಥ, ಶಶಿ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ಹುಡುಗಿ ಒಳ್ಳೆಯವಳು, ಅವಳನ್ನೂ ಚೆನ್ನಾಗಿ ನೋಡಿಕೊಳ್ಳುತ್ತೇನೆ. ಮೊನ್ನೆ ನಿಮ್ಮ ಮಾವ ಮೆಲ್ಲಗೆ, "ಆ ಶೂ ಇನ್ನು ಅಲ್ಲಿಂದ ತೆಗೀಬೇಕಲ್ವೇನೆ" ಎಂದರು. ತೆಗೆದೆ. ತೆಗೆಯುವಾಗ ಅತ್ತುಬಿಟ್ಟೆ. ಚಪ್ಪಲಿ ಉಡುಗೊರೆ ಕೊಡಬಾರದು, ತೆಗೆದುಕೊಂಡವರು ಅದನ್ನೇ ಮೆಟ್ಟಿಕೊಂಡು ನಮ್ಮಿಂದ ದೂರ ನಡೆದುಬಿಡುತ್ತಾರೆ ಎಂದು ನಮ್ಮಮ್ಮ ಹೇಳುತ್ತಿದ್ದರು. ಆ ಹೆದರಿಕೆಯಿಂದಲೇ ಈ ಪೆಟ್ಟಿಗೆ ಕಳಿಸಲು ಒಂದು ವಾರ ತಡವಾಯಿತು. ಈಗ ದಾರಿ ಹೊಳೆದಿದೆ. ನಿನ್ನ ಹಳೆಯ ಜೊತೆ ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗೆ ಇದೆ. ಅದನ್ನು ನಾನು ಇಟ್ಟುಕೊಂಡೆ, ಇದನ್ನು ನಿನಗೆ ಕೊಟ್ಟೆ. ಇದು ಅದಲು ಬದಲು, ಉಡುಗೊರೆಯಲ್ಲ. ಹಾಗಾಗಿ ನೀನು ನನ್ನಿಂದ ದೂರ ಹೋಗುವ ಹಾಗಿಲ್ಲ.